ಕಾರ್ಡ್ ಎರರ್ ಪರವಾಗಿ ಒಂದು ವಕಾಲತ್ತು

ಡಿಜಿಟಲ್ ಕ್ಯಾಮೆರಾ ಆಡುವ ಮಾತುಗಳಲ್ಲೆಲ್ಲ ಅತಿ ಹೆಚ್ಚು ಶಾಪ ತಿಂದಿರುವುದು ‘ಕಾರ್ಡ್ ಎರರ್’. ಬ್ಯಾಟರಿ ಮುಗಿಯಿತು ಎಂದು ಅದು ಹೇಳಿದರೆ, ರಾತ್ರಿ ಚಾರ್ಜಿಗೆ ಹಾಕಲು ಮರೆತ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಾನೆ. ಬೆಳಕು ಸಾಲದು ಎಂದರೆ ಛತ್ರದ ಮ್ಯಾನೇಜರನ್ನು ಬೈಯುತ್ತಾನೆ. ಕಾರ್ಡ್ ಎರರ್ ಎಂದಾಗ ಮಾತ್ರ ಬೈಗುಳವೆಲ್ಲ ಕ್ಯಾಮೆರಾದ ತಲೆಗೇ. ಅದರಲ್ಲೂ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗುವ ಹೊತ್ತಿಗೇ ಆ ಅಕ್ಷರಗಳು ಪರದೆಯ ಮೇಲೆ ಮೂಡಿದರೆ, ಫೋಟೋಗ್ರಾಫರ್ ಬಾಯಿಂದ ಹೊರಡುವ ಮಾತು ವಾದ್ಯದ ಸದ್ದಿನಲ್ಲಿ ಮುಚ್ಚಿಹೋಗುವುದೇ ಎಲ್ಲರಿಗೂ ಕ್ಷೇಮ. ಬೈಯುವವರ ವಾದವೂ ಸರಳವಾದದ್ದೇ: ಕಾರ್ಡು ಒಳಗೆ ಹೋಗಿದೆ, ಕ್ಲಿಕ್ ಅಂದಿದೆ, ಮುಚ್ಚಳ ಮುಚ್ಚಿದೆ, ಇನ್ನೇನು ರೋಗ ಇದಕ್ಕೆ? ನಾನು ಇಲ್ಲಿ ಕ್ಯಾಮೆರಾದ ಪರ ನಿಲ್ಲುತ್ತಿದ್ದೇನೆ. ಒಳಗೆ ಹೋಗುವುದು ಬೇರೆ, ಹೊಂದುವುದು ಬೇರೆ. ಈ ವ್ಯತ್ಯಾಸವನ್ನು ಗುರುತಿಸಿ ಬಾಯಿಬಿಟ್ಟು ಹೇಳುವ ಯಂತ್ರ ಬೈಗುಳಕ್ಕಲ್ಲ, ಬಡ್ತಿಗೆ ಯೋಗ್ಯ. ಹೆದರಬೇಕಾದದ್ದು ಏನು ಕೊಟ್ಟರೂ ‘ಹೂಂ’ ಅನ್ನುವ ಕಾರ್ಡಿಗೆ.

ಹೊಂದದ್ದನ್ನು ಒಳಗೇ ಬಿಡಬಾರದು ಎಂಬ ಎಚ್ಚರ ಮೊದಲು ಪ್ಲಾಸ್ಟಿಕ್ಕಿನಲ್ಲೇ ಇತ್ತು. 1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿನ ಎರಡು ಅಂಚುಗಳಲ್ಲಿ ಎರಡು ಬೇರೆ ಬೇರೆ ಅಗಲದ ತೋಡುಗಳಿರುತ್ತವೆ. ತಿರುಗಾಮುರುಗಾ ಹಾಕಿದರೆ ಹೋಗುವುದಿಲ್ಲ. ಹೋಗುವುದಿಲ್ಲ ಎಂದರೆ ಸುಮ್ಮನಾಗುವ ಜಾತಿ ನಮ್ಮದಲ್ಲವಲ್ಲ, ಹೆಬ್ಬೆರಳಿಟ್ಟು ಒತ್ತುತ್ತೇವೆ. ಸ್ಲಾಟಿನ ತಳದಲ್ಲಿ ಸಾಲಾಗಿ ನಿಂತ 50 ಸಣ್ಣ ಪಿನ್ನುಗಳಲ್ಲಿ ಒಂದು ಬಾಗಿದರೂ ಕಥೆ ಮುಗಿಯಿತು. ಪಿನ್ನು ಇರುವುದು ಕ್ಯಾಮೆರಾದಲ್ಲಿ, ತೂತು ಇರುವುದು ಕಾರ್ಡಿನಲ್ಲಿ. ಅಗ್ಗದ್ದು ಬಚಾವಾಗಿ ದುಬಾರಿಯದು ರಿಪೇರಿಗೆ ಹೋಗುವ ಈ ಏರ್ಪಾಡನ್ನು ಮೆಚ್ಚಿಕೊಳ್ಳುವುದು ಕಷ್ಟ, ಆದರೆ ತಡೆಯುವ ಉದ್ದೇಶ ಅದಕ್ಕಿತ್ತು ಎಂಬುದನ್ನು ಒಪ್ಪಬೇಕು. ತೋಷಿಬಾದ ಸ್ಮಾರ್ಟ್‌ಮೀಡಿಯಾ ಇನ್ನೂ ಶಿಸ್ತಿನದು. 0.76 ಮಿಲಿಮೀಟರ್ ದಪ್ಪದ ಆ ಬಿಲ್ಲೆಯಲ್ಲಿ 5 ವೋಲ್ಟಿನ ಕಾರ್ಡಿಗೆ ಒಂದು ಮೂಲೆ ಕತ್ತರಿಸಿದ್ದರೆ, 3.3 ವೋಲ್ಟಿನ ಕಾರ್ಡಿಗೆ ಅದರ ಎದುರಿನ ಮೂಲೆ. ವಿದ್ಯುತ್ತಿನ ಹೊಂದಾಣಿಕೆಯನ್ನು ಕತ್ತರಿಯಿಂದಲೇ ಇತ್ಯರ್ಥ ಮಾಡಿದ್ದರು. ಇವುಗಳ ಜೊತೆಗೆ 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್ ಬಂತು, 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಸೇರಿ ತಂದ ಎಕ್ಸ್‌ಡಿ ಬಂತು. ಒಂದರ ಮನೆಗೆ ಇನ್ನೊಂದು ಹೊಗದು. ಅಂಗಡಿಯವನಿಗೆ ಕ್ಯಾಮೆರಾ ತೋರಿಸಿದರೆ ಸಾಕಿತ್ತು, ತಪ್ಪು ಕಾರ್ಡು ಮನೆಗೆ ಬಂದರೂ ಬಾಗಿಲಲ್ಲೇ ಗೊತ್ತಾಗುತ್ತಿತ್ತು.

ಈ ಗದ್ದಲದಲ್ಲಿ ಗೆದ್ದದ್ದು 1999ರಲ್ಲಿ ಪ್ಯಾನಾಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಸೇರಿ ಪ್ರಕಟಿಸಿದ ಎಸ್‌ಡಿ ಕಾರ್ಡು. 32 ಮಿಲಿಮೀಟರ್ ಉದ್ದ, 24 ಅಗಲ, 2.1 ದಪ್ಪ, ಒಂದು ಮೂಲೆ ಓರೆ. ಹನ್ನೆರಡು ವರ್ಷ ತನ್ನದೇ ಸ್ಟಿಕ್ ಹಿಡಿದು ಹಟ ಮಾಡಿದ ಸೋನಿ ಕೂಡ 2010ರಲ್ಲಿ ಎಸ್‌ಡಿಗೂ ಜಾಗ ಕೊಟ್ಟಿತು. ಜಗತ್ತು ಒಂದಾಯಿತು, ತೊಂದರೆ ಶುರುವಾಯಿತು. ಯಾಕೆಂದರೆ ಹೊರಗಿನ ಅಳತೆ ಕದಲಲಿಲ್ಲ, ಒಳಗಿನ ವ್ಯವಹಾರ ಮಾತ್ರ ಮತ್ತೆ ಮತ್ತೆ ಬದಲಾಯಿತು. ಮೂಲ ಎಸ್‌ಡಿ 2 ಜಿಬಿವರೆಗೆ. 2006ರ ಎಸ್‌ಡಿಎಚ್‌ಸಿ 32 ಜಿಬಿವರೆಗೆ. 2009ರ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ. 2018ರ ಎಸ್‌ಡಿಯುಸಿ 128 ಟಿಬಿವರೆಗೆ. ನಾಲ್ಕಕ್ಕೂ ಒಂದೇ ಮೈಕಟ್ಟು. 2004ರ ಕ್ಯಾಮೆರಾಕ್ಕೆ ಇವತ್ತಿನ 64 ಜಿಬಿ ಕಾರ್ಡು ಸಲೀಸಾಗಿ ಇಳಿಯುತ್ತದೆ, ಕ್ಲಿಕ್ ಕೂಡ ಅನ್ನುತ್ತದೆ. ಆಮೇಲೆ ನಡೆಯುವುದು ಸ್ವಾರಸ್ಯದ ಸಂಗತಿ. ಹಳೆಯ ಎಸ್‌ಡಿ ಪದ್ಧತಿಯಲ್ಲಿ ಪ್ರತಿ ಬೈಟಿಗೂ ಪ್ರತ್ಯೇಕ ವಿಳಾಸ. ವಿಳಾಸ ಬರೆಯಲು 32 ಬಿಟ್ ಜಾಗ. ಹಾಗಾಗಿ 4 ಜಿಬಿ ಆಚೆಗೆ ವಿಳಾಸಗಳೇ ಮುಗಿದುಹೋಗುತ್ತವೆ. ಎಸ್‌ಡಿಎಚ್‌ಸಿ ಬಂದಮೇಲೆ 512 ಬೈಟುಗಳ ಒಂದೊಂದು ಕಂತೆಗೆ ಒಂದು ವಿಳಾಸ ಎಂದಾಯಿತು. ಈ ಹೊಸ ಲೆಕ್ಕ ತನಗೆ ಬರುತ್ತದೆ ಎಂದು ಕ್ಯಾಮೆರಾ ಶುರುವಿನಲ್ಲೇ ಕಾರ್ಡಿಗೆ ತಿಳಿಸಬೇಕು. ಹಳೆಯ ಕ್ಯಾಮೆರಾಕ್ಕೆ ಅಂಥದೊಂದು ಲೆಕ್ಕ ಹುಟ್ಟಿದೆ ಎಂಬುದೇ ಗೊತ್ತಿಲ್ಲ, ಹೇಗೆ ತಿಳಿಸೀತು? ತಿಳಿಸದಿದ್ದರೆ ಕಾರ್ಡು ‘ಇನ್ನೂ ತಯಾರಾಗಿಲ್ಲ, ಇನ್ನೂ ತಯಾರಾಗಿಲ್ಲ’ ಎಂದೇ ಉತ್ತರಿಸುತ್ತ ಕೂರುತ್ತದೆ. ಕಾದು ಸುಸ್ತಾದ ಕ್ಯಾಮೆರಾ ಕೊನೆಗೆ ‘ಕಾರ್ಡ್ ಎರರ್’ ಎಂದು ಕೈಚೆಲ್ಲುತ್ತದೆ. ಮುನಿಸು ಕಾರ್ಡಿನದು, ಕೆಟ್ಟ ಹೆಸರು ಕ್ಯಾಮೆರಾಕ್ಕೆ.

‘ಹಾಗಾದರೆ ಕ್ಯಾಮೆರಾಕ್ಕೊಂದು ಆಕಾರದ ಕಾರ್ಡು ಕೊಳ್ಳುತ್ತಿದ್ದ ಕಾಲವೇ ಚೆನ್ನಾಗಿತ್ತೇನು? ಅದು ಕಂಪನಿಗಳ ವ್ಯಾಪಾರಬುದ್ಧಿ ಅಲ್ಲವೆ?’ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಸ್ಮಾರ್ಟ್‌ಮೀಡಿಯಾ 128 ಎಂಬಿಗೆ ಉಸಿರುಗಟ್ಟಿ ನಿಂತಿತು, ಎಕ್ಸ್‌ಡಿ 2 ಜಿಬಿಗೆ. ಅವನ್ನು ನಂಬಿ ಕ್ಯಾಮೆರಾ ಕೊಂಡವರ ಮೇಜಿನ ಖಾನೆಯಲ್ಲಿ ಈಗ ಕೆಲಸಕ್ಕೆ ಬಾರದ ಬಿಲ್ಲೆಗಳು ಬಿದ್ದಿವೆ. ಒಂದೇ ಆಕಾರದಿಂದ ಆದ ಲಾಭವೂ ಸಣ್ಣದಲ್ಲ: ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಒಪ್ಪುತ್ತದೆ, ಒಲ್ಲೆ ಅನ್ನುವುದು ಹಳೆಯ ಕ್ಯಾಮೆರಾ ಹೊಸ ಕಾರ್ಡನ್ನು ಕಂಡಾಗ ಮಾತ್ರ. ಇದನ್ನೆಲ್ಲ ಒಪ್ಪಿದ ಮೇಲೂ ನನ್ನ ಮಾತು ನಿಲ್ಲುತ್ತದೆ. ಬಾಗಿಲಲ್ಲಿದ್ದ ಪ್ಲಾಸ್ಟಿಕ್ ಕಾವಲನ್ನು ತೆಗೆದುಹಾಕಿದ ಮೇಲೆ ಒಳಗೆ ಬಂದವರನ್ನು ವಿಚಾರಿಸುವ ಕೆಲಸ ಯಾರೋ ಮಾಡಲೇಬೇಕಲ್ಲ, ಅದನ್ನು ಮಾಡುತ್ತಿರುವುದು ಎರರ್. ಕಾವಲಿಲ್ಲದ ಬಾಗಿಲನ್ನು ಹೊಗಳಿ ವಿಚಾರಿಸುವವನನ್ನು ಬೈದರೆ ನ್ಯಾಯವಾಗದು. ತಯಾರಕರಿಗೂ ಇದರಿಂದ ಬುದ್ಧಿ ಬಂದಂತೆ ಕಾಣುವುದಿಲ್ಲ. 2012ರ ನಿಕಾನ್ ಡಿ4 ಜೊತೆ ಬಂದ ಎಕ್ಸ್‌ಕ್ಯೂಡಿ ಕಾರ್ಡಿನ ಆಕಾರವನ್ನೇ ಆಮೇಲಿನ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಎತ್ತಿಕೊಂಡಿತು. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಒಪ್ಪುವುದು ಬಿಡುವುದು ಆಯಾ ಕ್ಯಾಮೆರಾದ ಫರ್ಮ್‌ವೇರಿಗೆ ಬಿಟ್ಟದ್ದು.

ತಕರಾರುಗಳಲ್ಲೆಲ್ಲ ತಮಾಷೆಯದು ಲಾಕ್ ಗುಂಡಿಯದು. ಎಸ್‌ಡಿ ಕಾರ್ಡಿನ ಎಡಮಗ್ಗುಲಲ್ಲಿ ಉಗುರಿಗೂ ಸಿಗದಷ್ಟು ಸಣ್ಣ ಜಾರುಗುಂಡಿ ಇರುತ್ತದೆ. ಕೆಳಗೆ ಜಾರಿಸಿದರೆ ಕ್ಯಾಮೆರಾ ‘ಕಾರ್ಡ್ ಲಾಕ್ ಆಗಿದೆ’ ಎಂದು ಫೋಟೋ ತೆಗೆಯಲು ಒಪ್ಪುವುದಿಲ್ಲ. ನೋಡಿದವರು ಇದೇನೋ ಒಳಗಿನ ಸರ್ಕ್ಯೂಟಿಗೆ ಬೀಗ ಜಡಿಯುತ್ತದೆ ಎಂದುಕೊಳ್ಳುತ್ತಾರೆ. ಅದು ಯಾವುದಕ್ಕೂ ತಗಲಿಕೊಂಡಿಲ್ಲ, ಬರೀ ಪ್ಲಾಸ್ಟಿಕ್ ಚೂರು. ತನ್ನನ್ನು ಲಾಕ್ ಮಾಡಿದ್ದಾರೆ ಎಂಬುದು ಕಾರ್ಡಿಗೇ ಗೊತ್ತಿಲ್ಲ. ಸ್ಲಾಟಿನೊಳಗಿನ ಒಂದು ಸ್ವಿಚ್ಚು ಆ ಜಾಗವನ್ನು ತಡವಿ ನೋಡಿ, ಗುಂಡಿ ಮೇಲಿದ್ದರೆ ಬರೆಯಬಹುದು, ಇಲ್ಲದಿದ್ದರೆ ಬೇಡ ಎಂದು ತೀರ್ಮಾನಿಸುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಎಸೆದ ಕರ್ಚೀಫಿಗೆ ಎಷ್ಟು ಅಧಿಕಾರವೋ ಈ ಗುಂಡಿಗೂ ಅಷ್ಟೇ. ಮಿಕ್ಕವರು ಮರ್ಯಾದೆ ಕೊಡುವವರೆಗೆ ಅದು ನಡೆಯುತ್ತದೆ. ಗುಂಡಿ ಸಡಿಲವಾಗಿ ಕಾರ್ಡು ತಳ್ಳುವಾಗ ತಾನೇ ಕೆಳಗೆ ಜಾರುವುದುಂಟು, ಪೂರ್ತಿ ಉದುರಿಹೋಗುವುದೂ ಉಂಟು. ಉದುರಿದರೆ ಕ್ಯಾಮೆರಾದ ಲೆಕ್ಕದಲ್ಲಿ ಆ ಕಾರ್ಡಿಗೆ ಶಾಶ್ವತ ಬೀಗ. ಆಗ ಖಾಲಿಯಾದ ಜಾಗದ ಮೇಲೆ ಸಣ್ಣ ಸೆಲೊಟೇಪ್ ಚೂರು ಅಂಟಿಸಿದರೆ ಕ್ಯಾಮೆರಾ ಮತ್ತೆ ನಂಬುತ್ತದೆ. ಟೇಪು ಬಿಚ್ಚಿಕೊಂಡು ಸ್ಲಾಟಿನಲ್ಲಿ ಸಿಕ್ಕಿಹಾಕಿಕೊಂಡರೆ ಮಾತ್ರ ಎರಡು ರೋಗ. ಅಂಟಿಸಿದವರು ಫೋಟೋಗಳನ್ನು ಇಳಿಸಿಕೊಂಡು ಹೊಸ ಕಾರ್ಡು ಕೊಳ್ಳುವುದೇ ಮೇಲು. ಮೈಕ್ರೋ ಎಸ್‌ಡಿಯನ್ನು ಅಡಾಪ್ಟರಿಗೆ ತೊಡಿಸಿ ಹಾಕುವವರಿಗೆ ಈ ಗುಂಡಿಯ ಕಾಟ ಹೆಚ್ಚು, ಅಡಾಪ್ಟರಿನ ಸಂಪರ್ಕ ಸಡಿಲವಾಗುವ ಕಾಟ ಅದರ ಮೇಲೆ.

ಇನ್ನು ಕಾರ್ಡು ತೆಗೆದು, ಬಾಯಿಂದ ಉಫ್ ಎಂದು ಊದಿ, ಮತ್ತೆ ಹಾಕುವ ಅಖಿಲ ಭಾರತ ಚಿಕಿತ್ಸೆ. ಎಷ್ಟೋ ಸಲ ಇದು ಫಲಿಸುತ್ತದೆ, ಊದಿದ್ದಕ್ಕಲ್ಲ, ತೆಗೆದು ಹಾಕಿದ್ದಕ್ಕೆ. ಜಾರುವಾಗ ಲೋಹದ ಪಟ್ಟಿಗಳು ಉಜ್ಜಿಕೊಂಡು ಮೇಲಿನ ಕೊಳೆ ಸರಿಯುತ್ತದೆ. ಊದಿದ್ದರಿಂದ ಒಳಗೆ ಹೋಗುವುದು ಎಂಜಲಿನ ತೇವ. ಆದರೂ ಯಶಸ್ಸಿನ ಕೀರ್ತಿಯೆಲ್ಲ ಉಸಿರಿಗೇ ಸಲ್ಲುತ್ತದೆ.

ಕ್ಯಾಮೆರಾದ ವಿರುದ್ಧದ ಗಟ್ಟಿ ಆಕ್ಷೇಪ ಬೇರೆ ಇದೆ: ಬೇಡ ಅನ್ನಲಿ, ಯಾಕೆ ಬೇಡ ಎಂದು ಹೇಳಬಾರದೆ? ಕ್ಯಾನನ್ ಕ್ಯಾಮೆರಾಗಳು ‘ಎರರ್ 02’ ಎನ್ನುತ್ತವೆ. ಒಂದು ಏನು, ಮೂರು ಏನು ಎಂದು ತಿಳಿಯಲು ಪುಸ್ತಕ ಹುಡುಕಬೇಕು. ನಿಕಾನ್ ಎಸ್‌ಎಲ್‌ಆರ್‌ಗಳ ಮೂಲೆಯಲ್ಲಿ ಮಿನುಗುವ ‘ಸಿಎಚ್‌ಎ’ ಎಂಬ ಮೂರಕ್ಷರವನ್ನು ಕನ್ನಡಿಗ ‘ಚಾ’ ಎಂದು ಓದಿ, ಕ್ಯಾಮೆರಾಕ್ಕೂ ನಾಲ್ಕು ಗಂಟೆಯ ಹೊತ್ತಾಯಿತೇನೋ ಎಂದುಕೊಂಡರೆ ಆಶ್ಚರ್ಯವಿಲ್ಲ. ಇದಕ್ಕೆ ಉತ್ತರ ಪೂರ್ತಿ ನನ್ನಲ್ಲಿಲ್ಲ. ಆ ಪುಟ್ಟ ಫಲಕಗಳಲ್ಲಿ ನಾಲ್ಕಾರು ಅಕ್ಷರಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ ಎಂಬ ಕಾರಣವುಂಟು, ಆದರೆ ಈಗಿನ ದೊಡ್ಡ ಪರದೆಗಳಿಗೆ ಆ ನೆಪ ಸಲ್ಲದು. ಹೇಳುವ ರೀತಿ ಒರಟು ಎಂಬುದು ನಿಜ. ಹೇಳಿದ್ದು ಸುಳ್ಳು ಎಂದು ಅದರಿಂದ ಸಾಬೀತಾಗುವುದಿಲ್ಲ. ಕೆಲವೊಮ್ಮೆ ಅದು ಹುಚ್ಚು ಮಾತಿನಂತೆ ಕೇಳಿಸಿದರೂ ಹಿಂದೆ ಕಾನೂನು ಇರುತ್ತದೆ. ಕಾರ್ಡು ಖಾಲಿ ಇದೆ, ಆದರೂ ಕ್ಯಾಮೆರಾ ಇನ್ನು ಫೋಟೋ ಬೇಡ ಅನ್ನುತ್ತದೆ ಎಂದುಕೊಳ್ಳಿ. ಕ್ಯಾಮೆರಾಗಳು ಕಡತ ಇಡುವ ಡಿಸಿಎಫ್ ನಿಯಮದ ಪ್ರಕಾರ ಫೋಲ್ಡರಿನ ಸಂಖ್ಯೆ 100ರಿಂದ 999ರವರೆಗೆ, ಫೋಟೋದ ಸಂಖ್ಯೆ 0001ರಿಂದ 9999ರವರೆಗೆ. ಸಂಖ್ಯೆ ಮುಂದುವರಿಸುತ್ತ ಹೋಗಿ ಎರಡೂ ತುದಿ ಮುಟ್ಟಿದರೆ ಜಾಗವಿದ್ದರೂ ಹೆಸರಿಡಲು ನಂಬರಿಲ್ಲ. ಸಂಖ್ಯೆಯನ್ನು ರೀಸೆಟ್ ಮಾಡಿದರೆ ಮತ್ತೆ ದಾರಿಗೆ ಬರುತ್ತದೆ. ಹೆಸರಿಲ್ಲದೆ ದಾಖಲೆ ಬೇಡ ಎಂಬ ಈ ನಿಷ್ಠೆ ನಮ್ಮ ಎಷ್ಟೋ ಕಚೇರಿಗಳಿಗೆ ಬಂದಿದ್ದರೆ!

‘ಅದೇ ಕಾರ್ಡು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದಲ್ಲ’ ಎಂಬುದು ಮುಂದಿನ ಪಾಟೀಸವಾಲು. ಓಡುತ್ತದೆ, ಯಾಕೆಂದರೆ ಲ್ಯಾಪ್‌ಟಾಪು ಕಾಲಕಾಲಕ್ಕೆ ಹೊಸದನ್ನು ಕಲಿತುಕೊಂಡಿದೆ. ಕಾರ್ಖಾನೆಯಿಂದ ಹೊರಬಿದ್ದ ದಿನವೇ ಹೆಚ್ಚಿನ ಕ್ಯಾಮೆರಾಗಳ ಓದು ಮುಗಿದಿರುತ್ತದೆ. 64 ಜಿಬಿ ಮತ್ತು ಮೇಲಿನ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಕಡತವ್ಯವಸ್ಥೆಯಲ್ಲಿ ಬರುತ್ತವೆ, ಫ್ಯಾಟ್32 ಮಾತ್ರ ಬಲ್ಲ ಕ್ಯಾಮೆರಾಕ್ಕೆ ಅದು ತಿಳಿಯದ ಲಿಪಿ. ಇದನ್ನು ಬಲ್ಲವರು ಲ್ಯಾಪ್‌ಟಾಪಿನಲ್ಲಿ ಫ್ಯಾಟ್32ಗೆ ಬದಲಿಸಿ ಹಾಕುತ್ತಾರೆ, ಎಸ್‌ಡಿಎಚ್‌ಸಿ ಬಲ್ಲ ಹಲವು ಕ್ಯಾಮೆರಾಗಳಲ್ಲಿ ಅದು ನಡೆದೂಹೋಗುತ್ತದೆ. ಒಮ್ಮೆ ಒಪ್ಪಿದ ಮೇಲೆ ಅದೇ ಕ್ಯಾಮೆರಾದಲ್ಲೇ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿಕೊಳ್ಳುವುದು ಲೇಸು. ಆದರೆ ಲ್ಯಾಪ್‌ಟಾಪು ಓದಿತು ಎಂಬುದು ಕಾರ್ಡಿನ ಸಾಚಾತನಕ್ಕೆ ಸಾಕ್ಷಿಯಲ್ಲ, ಅದಕ್ಕೆ ಮುಂದಿನ ಪುರಾವೆ ಕೊಡುತ್ತೇನೆ.

ನಕಲಿ ಕಾರ್ಡುಗಳೇ ನನ್ನ ಮುಖ್ಯ ಸಾಕ್ಷಿ. ಕಾರ್ಡಿನೊಳಗೆ ನೆನಪಿನ ಚಿಪ್ಪಿನ ಜೊತೆ ಒಂದು ಕಂಟ್ರೋಲರ್ ಇರುತ್ತದೆ. ‘ನಿನ್ನಲ್ಲಿ ಎಷ್ಟು ಜಾಗ?’ ಎಂದು ಕೇಳಿದಾಗ ಉತ್ತರಿಸುವುದು ಅದೇ. ವಂಚಕರು ಅದಕ್ಕೆ ಸುಳ್ಳು ಕಲಿಸಿರುತ್ತಾರೆ. ಒಳಗಿರುವುದು 8 ಜಿಬಿ, ಬಾಯಲ್ಲಿ ಹೇಳುವುದು 256. ಕ್ಯಾಮೆರಾ ನಂಬುತ್ತದೆ, ಲ್ಯಾಪ್‌ಟಾಪೂ ನಂಬುತ್ತದೆ, ಪೆಟ್ಟಿಗೆಯ ಮೇಲಿನ ಬಂಗಾರದ ಅಕ್ಷರಗಳಿಗೆ ನಾವೂ ಮರುಳಾಗುತ್ತೇವೆ. ಮೊದಲ 8 ಜಿಬಿ ಸರಿಯಾಗಿಯೇ ದಾಖಲಾಗುತ್ತದೆ. ಆಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೆ ಹಳೆಯದರ ಮೇಲೇ ಬೀಳುತ್ತದೆ. ಪಟ್ಟಿಯಲ್ಲಿ ಫೋಟೋಗಳ ಹೆಸರು, ತಾರೀಖು, ಗಾತ್ರ ಎಲ್ಲವೂ ಕಾಣುತ್ತವೆ. ತೆರೆದರೆ ಅರ್ಧ ಮುಖ, ಅರ್ಧ ಬೂದುಬಣ್ಣ. ಇಷ್ಟೆಲ್ಲ ಆಗುವಾಗ ಒಂದೇ ಒಂದು ಎರರ್ ಬಂದಿರುವುದಿಲ್ಲ. ಕಾರ್ಡು ಕೊಂಡ ದಿನವೇ ಎಫ್3 ತರಹದ ತಂತ್ರಾಂಶದಿಂದ ಕಾರ್ಡು ತುಂಬ ಬರೆದು, ಬರೆದದ್ದನ್ನು ಮರಳಿ ಓದಿಸಿದರೆ ಬಣ್ಣ ಬಯಲಾಗುತ್ತದೆ, ಆದರೆ ಹೊಸ ಕಾರ್ಡನ್ನು ಪರೀಕ್ಷಿಸುವ ತಾಳ್ಮೆ ಯಾರಿಗಿದೆ? ವಿಚಿತ್ರವೆಂದರೆ ನಮ್ಮ ಅನುಮಾನವೆಲ್ಲ ಅಸಲಿ ಕಾರ್ಡಿನ ಮೇಲೆ. 64 ಜಿಬಿ ಎಂದು ಕೊಂಡದ್ದು ಕಂಪ್ಯೂಟರಿನಲ್ಲಿ 59 ಚಿಲ್ಲರೆ ತೋರಿಸಿತು, ಅಂಗಡಿಯವನು ಟೋಪಿ ಹಾಕಿದ ಎಂದು ಜಗಳಕ್ಕೆ ಹೋಗುತ್ತೇವೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ, ಅಷ್ಟೇ ವ್ಯತ್ಯಾಸ. ವೇಗದ ವಿಷಯವೂ ಹೀಗೆಯೇ. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿರುವ 170 ಸಾಮಾನ್ಯವಾಗಿ ಓದುವ ವೇಗ. ವಿಡಿಯೊಗೆ ಬೇಕಾದದ್ದು ಮೂಲೆಯಲ್ಲಿ ಸಣ್ಣದಾಗಿ ಬರೆದ ವಿ30. ಎಡೆಬಿಡದೆ ಬರೆಯುವಾಗ ಸೆಕೆಂಡಿಗೆ 30 ಎಂಬಿಗಿಂತ ಕಡಿಮೆಯಾಗದು ಎಂಬ ಭರವಸೆ ಅದು. ನಿಧಾನದ ಕಾರ್ಡಿಗೆ 4ಕೆ ವಿಡಿಯೊ ಹೊರಿಸಿದರೆ ಕ್ಯಾಮೆರಾ ನಡುವೆ ರೆಕಾರ್ಡಿಂಗ್ ನಿಲ್ಲಿಸಿ ಹೇಳಿಬಿಡುತ್ತದೆ. ನಿಂತದ್ದು ಕೋಪ ತರಿಸುತ್ತದೆ ನಿಜ. ನಿಲ್ಲದೆ ಅರ್ಧಂಬರ್ಧ ಬರೆದಿದ್ದರೆ ಅದು ತಿಳಿಯುತ್ತಿದ್ದದ್ದು ಬೀಗರ ಮನೆಯ ಟೀವಿಯಲ್ಲಿ.

ನನ್ನ ಕಕ್ಷಿದಾರನ ಒಂದು ತಪ್ಪನ್ನು ಮಾತ್ರ ಸಮರ್ಥಿಸಲಾರೆ. ಎರರ್ ತೋರಿಸಿದ ಕೂಡಲೇ ಅದು ‘ಫಾರ್ಮ್ಯಾಟ್ ಮಾಡಲೇ?’ ಎಂದು ವಿನಯದಿಂದ ಕೇಳುತ್ತದೆ. ಬೆಳಗಿನಿಂದ ತೆಗೆದ ಫೋಟೋಗಳಿರುವ ಕಾರ್ಡಿಗೆ ಇದು ಕೇಳುವ ಪ್ರಶ್ನೆಯೆ? ಆಗ ಮಾಡಬೇಕಾದದ್ದು ಕಾರ್ಡು ಹೊರತೆಗೆದು ಪಕ್ಕಕ್ಕಿಟ್ಟು ಬೇರೆಯದನ್ನು ಹಾಕುವುದು. ಗಡಿಬಿಡಿಯಲ್ಲಿ ‘ಓಕೆ’ ಒತ್ತಿಯೇಬಿಟ್ಟರೂ ಸಾಮಾನ್ಯ ಫಾರ್ಮ್ಯಾಟ್ ಅಳಿಸುವುದು ಹೆಚ್ಚಾಗಿ ಪಟ್ಟಿಯನ್ನು, ಫೋಟೋಗಳನ್ನಲ್ಲ. ಮೇಲೆ ಹೊಸದೇನನ್ನೂ ಬರೆಯದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಬಹಳಷ್ಟನ್ನು ಹೆಕ್ಕಿ ಕೊಡುತ್ತದೆ. ಇಂಥ ಭಯಕ್ಕೇ ಎರಡು ಸ್ಲಾಟಿನ ಕ್ಯಾಮೆರಾ ಬೇಕೆಂದು ಮದುವೆ ಫೋಟೋಗ್ರಾಫರುಗಳು ಪಟ್ಟು ಹಿಡಿಯುವುದು. 2018ರಲ್ಲಿ ನಿಕಾನ್ ಝಡ್6, ಝಡ್7 ಒಂದೇ ಸ್ಲಾಟಿನೊಂದಿಗೆ ಬಂದಾಗ ಗದ್ದಲವೆದ್ದಿತ್ತು. 2020ರ ಎರಡನೆಯ ಆವೃತ್ತಿಗಳಲ್ಲಿ ಎರಡು ಸ್ಲಾಟು ಕೊಟ್ಟರು. ಒಂದು ಸಿಎಫ್‌ಎಕ್ಸ್‌ಪ್ರೆಸ್‌ಗೆ, ಇನ್ನೊಂದು ಎಸ್‌ಡಿಗೆ. ಅದೇ ವರ್ಷದ ಕ್ಯಾನನ್ ಆರ್5ನಲ್ಲೂ ಇದೇ ಜೋಡಿ. ಒಂದು ಕ್ಯಾಮೆರಾಕ್ಕೆ ಎರಡು ಜಾತಿಯ ಕಾರ್ಡು, ಚೀಲದಲ್ಲಿ ಎರಡು ಬಗೆಯ ರೀಡರು. ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಟ್ಟು ಎಡೆಬಿಡದೆ ಕ್ಲಿಕ್ಕಿಸಿದರೆ, ದುಬಾರಿ ಸಿಎಫ್‌ಎಕ್ಸ್‌ಪ್ರೆಸ್ ತನ್ನ ಪಾಲನ್ನು ಬೇಗ ಮುಗಿಸಿ, ಪಕ್ಕದ ಎಸ್‌ಡಿ ಬರೆದು ಮುಗಿಸಲಿ ಎಂದು ಕಾಯುತ್ತದೆ. ಇದಕ್ಕೆ ಮಾತ್ರ ಯಾವ ಕಂಪನಿಯ ಕ್ಯಾಮೆರಾವೂ ಎರರ್ ತೋರಿಸುವುದಿಲ್ಲ. ಒಂದು ದೀಪ ಉರಿಯುತ್ತಿರುತ್ತದೆ, ಅಷ್ಟೇ.