ಎಪಿಡೆಮಿಯಾಲಜಿಯಲ್ಲಿ ವಿಶೇಷ ವಿಷಯದ ಆಯ್ಕೆ: ಅಮ್ಮತ್ತಿ ಪದ್ಧತಿ

ಮಣಿಪಾಲದಲ್ಲೋ ನಿಮ್ಹಾನ್ಸ್‌ನಲ್ಲೋ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಸೇರಿ ಎಪಿಡೆಮಿಯಾಲಜಿ ಹಿಡಿದವರನ್ನು ಕಾಡುವ ದೀರ್ಘಕಾಲಿಕ ವ್ಯಾಧಿಗೆ ‘ವಿಶೇಷ ವಿಷಯದ ಆಯ್ಕೆ’ ಎಂದು ಹೆಸರು. ರೋಗಕಾರಕ, ಆತಿಥೇಯ, ಪರಿಸರ ಎಂಬ ಶಾಸ್ತ್ರೋಕ್ತ ತ್ರಿಕೋನ ಇದಕ್ಕೂ ಸಲ್ಲುತ್ತದೆ. ರೋಗಕಾರಕ ಅರ್ಜಿ ನಮೂನೆ, ಆತಿಥೇಯ ವಿದ್ಯಾರ್ಥಿ, ಪರಿಸರ ಕೊಡಗಿನ ಕಾಫಿತೋಟಗಳ ಊರಾದ ಅಮ್ಮತ್ತಿ. ರಜೆಗೆ ಬಂದು ಬಸ್ಸಿಳಿಯುತ್ತಲೇ “ಮದ್ದು ಕೊಡದ ಡಾಕ್ಟರು ಯಾತಕ್ಕೆ?” ಎಂಬ ಪ್ರಶ್ನೆ ಕಿವಿಗೆ ಬಿದ್ದರೆ ರೋಗ ಉಲ್ಬಣಿಸಿತೆಂದೇ ತಿಳಿಯಬೇಕು.

ಸಾಂಕ್ರಾಮಿಕ ರೋಗಗಳ ಶಾಖೆಗೆ ಮೂಲಪುರುಷ ಜಾನ್ ಸ್ನೋ. 1854ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿ ತೆಗೆಸಿದವನು; ಕಾಲರಾ ನೀರಿನಿಂದ ಹರಡುತ್ತದೆಂಬುದು ಅವನ ವಾದ. ವಿದ್ವಾಂಸರು ಇಲ್ಲಿ ತಿಂಗಳನ್ನು ಗಮನಿಸಿಲ್ಲ. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಓಡುವ ಮಾರ್ಚಿನಲ್ಲಿ ಅಮ್ಮತ್ತಿಯ ಪಂಪಿಗೆ ಕೈ ಹಾಕಿದ್ದರೆ ಕಾಲರಾ ಉಳಿಯುತ್ತಿತ್ತು, ಸ್ನೋ ಉಳಿಯುತ್ತಿರಲಿಲ್ಲ.

ಉಣುಗಿನಿಂದ ಹರಡುವ ರೋಗಗಳ ಶಾಖೆಗೆ ಮಲೆನಾಡೇ ತವರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಹೊಸ ವೈರಸ್ ಬಯಲಾಯಿತು; ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು. ಅಮ್ಮತ್ತಿಯ ತೋಟಗಳಲ್ಲಿ ವಿಚಾರಿಸಿದವರಿಗೆ ಸಿಗುವುದು ತದ್ವಿರುದ್ಧ ದೂರು: ಮಂಗ ಸಾಯುತ್ತಿಲ್ಲ, ಹಣ್ಣು ಕಾಫಿ ಚೀಪಿ ಬೀಜ ಉಗುಳಿ ಕೊಬ್ಬುತ್ತಿದೆ.

ಹೃದ್ರೋಗ, ಸಕ್ಕರೆ ಕಾಯಿಲೆಗಳ ಶಾಖೆ ಬೇಗ ಮುಗಿಯುತ್ತದೆ. ಮದುವೆಮನೆಯ ಊಟದ ಸಾಲಿನಲ್ಲಿ ಪಂದಿಕರಿ ಬೇಡವೆನ್ನುವ ಹೋಲಿಕೆ ಗುಂಪು ಸಿಕ್ಕುವುದಿಲ್ಲ.

ಉಳಿದದ್ದು ಕಾರ್ಮಿಕರ ಆರೋಗ್ಯ. ಇಲ್ಲಿ ತೊಡಕು ರೋಗದ್ದಲ್ಲ, ಛೇದದ್ದು. ರೋಗದ ದರವೆಂದರೆ ಮೇಲೆ ಹೊಸದಾಗಿ ಕಾಯಿಲೆ ಬಿದ್ದವರು, ಕೆಳಗೆ ಅಲ್ಲಿ ಇದ್ದವರು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 6 ಎಂದು ಬರೆದ, ಆಳುಗಳು ತಂಗುವ ಲೈನ್‌ಮನೆಯಲ್ಲಿ ಜನವರಿಯ ಕುಯಿಲಿಗೆ ಆರು ಮಂದಿ. ಜುಲೈ ಮಳೆಗೆ ಇಬ್ಬರು, ಪಕ್ಕದ ಮನೆಗೆ ಬೀಗ, ಬೀಗದ ಮೇಲೆ ಪಾಚಿ. ಇಬ್ಬರಲ್ಲಿ ಒಬ್ಬ ಸೀನಿದರೆ ದರ ನೂರಕ್ಕೆ ಐವತ್ತು. ಜನವರಿಯಲ್ಲಿ ಅದೇ ಸೀನಿಗೆ ಹದಿನೇಳೂ ಬರುತ್ತಿರಲಿಲ್ಲ. ಇದಕ್ಕೆ ಶಾಸ್ತ್ರದ ಪರಿಹಾರ ತಲೆ ಎಣಿಸದೆ, ಒಬ್ಬೊಬ್ಬರೂ ಎಷ್ಟು ಕಾಲ ಇದ್ದರೆಂದು ಲೆಕ್ಕ ಹಿಡಿಯುವುದು. ಸಂಖ್ಯಾಶಾಸ್ತ್ರಜ್ಞರು ಬೀಗುವ ಈ ವಿಧಾನವನ್ನು ತೋಟದ ರೈಟರು ಚೆಕ್‌ರೋಲಿನಲ್ಲಿ ಆಳು-ದಿನ ಎಂದು ಬರೆದು, ಶನಿವಾರ ಸಂಬಳ ಬಟವಾಡೆ ಮಾಡಿ, ಪುಸ್ತಕ ಮುಚ್ಚಿ ಮನೆಗೆ ಹೋಗುತ್ತಾರೆ.

ಆದ್ದರಿಂದ ಅಮ್ಮತ್ತಿ ಪದ್ಧತಿಯಲ್ಲಿ ಆಯ್ಕೆಗೊಳ್ಳುವುದು ಇದೇ ಶಾಖೆ, ಮಾರ್ಗದರ್ಶಕರು ರೈಟರು. ನಮೂನೆಯಲ್ಲಿ ‘ಮಾಹಿತಿ ಸಂಗ್ರಹದ ವೇಳೆ’ ಎಂಬ ಅಂಕಣದೆದುರು ಹೀಗೆ ತುಂಬತಕ್ಕದ್ದು: ಬೆಳಗ್ಗೆ 8 ಗಂಟೆ, ಆನೆ ತೋಟ ದಾಟಿದ್ದಲ್ಲಿ.