ಸ್ಯಾಂಪಲ್ ಮಾವ

ಪೆರಂಬೂರಿಗೆ ಬಂದ ಹೊಸತರಲ್ಲಿ ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ತಮಿಳು ಓದುತ್ತಿದ್ದೆ. ಪೇಪರ್ ಮಿಲ್ಸ್ ರೋಡಿನ ಒಂದು ಸಣ್ಣ ಅಂಗಡಿಯ ಮುಂದೆ ರಟ್ಟಿನ ಮೇಲೆ ‘ಇಡ್ಲಿ ಮಾವು’ ಎಂದು ಬರೆದು ತೂಗುಹಾಕಿದ್ದರು. ಇಡ್ಲಿಗೆ ಮಾವಿನಹಣ್ಣು ನೆಂಚಿಕೊಂಡು ತಿನ್ನುವವರ ನಡುವೆ ಬಂದು ಬಿದ್ದೆನಲ್ಲಪ್ಪಾ ಅಂದುಕೊಂಡೆ. ಕೇಳಿ ನೋಡಿದರೆ ಅಂಗಡಿಯವನು ಫ್ರಿಜ್‌ನಿಂದ ತಣ್ಣಗಿನ ಬಿಳೀ ಪ್ಯಾಕೆಟ್ಟೊಂದನ್ನು ತೆಗೆದು ಕೈಗಿಟ್ಟ. ತಮಿಳಿನಲ್ಲಿ ಮಾವು ಎಂದರೆ ಹಿಟ್ಟು. ಅದನ್ನು ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತುತ್ತಿದ್ದಾಗಲೇ ಕೆಳಗಿನ ಮನೆಯವರು ನನ್ನನ್ನು ಮೊದಲ ಸಲ ತಡೆದು ನಿಲ್ಲಿಸಿದ್ದು.

“ಏನಮ್ಮಾ ಅದು ಕೈಯಲ್ಲಿ?”

“ಇಡ್ಲಿ ಹಿಟ್ಟು ಸಾರ್.”

“ಹಿಟ್ಟಲ್ಲ ಅದು, ಸುಣ್ಣ. ಗೋಡೆಗೆ ಹೊಡಿ.”

ಬಾಡಿಗೆ ಕೊಡುವವಳು, ಏನನ್ನಲಿ? ಮುಂದೆ ಅವರು ನನಗೆ ಮಾವ ಆದರು, ಅವರ ಹೆಂಡತಿ ಅತ್ತೆ ಆದರು. ಆ ಸುಣ್ಣದ ವಿಷಯ ಮಾತ್ರ ಇವತ್ತಿಗೂ ಮುಗಿದಿಲ್ಲ.

ಮಾವ ಗುಬ್ಬಿ ಕಡೆಯವರು. 1980ರ ದಶಕದಲ್ಲಿ ಇಲ್ಲಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಗೆ ಸೇರಿ, ಇನ್‌ಸ್ಪೆಕ್ಷನ್ನಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಐಸಿಎಫ್ ಅನ್ನು ನೆಹರೂ 1955ರ ಅಕ್ಟೋಬರ್ 2ರಂದು ಉದ್ಘಾಟಿಸಿದರು ಎಂಬುದನ್ನು ಮೊಮ್ಮಗನ ಜನ್ಮನಕ್ಷತ್ರದ ಹಾಗೆ ಹೇಳುತ್ತಾರೆ. ಅಲ್ಲಿ ಎರಡು ವಿಭಾಗ. ಶೆಲ್ ಡಿವಿಷನ್ನಿನಲ್ಲಿ ಡಬ್ಬಿಯ ಬರೀ ಉಕ್ಕಿನ ಮೈ ತಯಾರಾಗುತ್ತದೆ. ಫರ್ನಿಷಿಂಗ್ ಡಿವಿಷನ್ನಿನಲ್ಲಿ ಅದಕ್ಕೆ ಸೀಟು, ಫ್ಯಾನು, ಕಿಟಕಿ ಕೂಡಿಸುತ್ತಾರೆ. ಮಾವ ಇದ್ದದ್ದು ಫರ್ನಿಷಿಂಗಿನಲ್ಲಿ. ಇದನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ, ಅತ್ತೆಗೆ ಮುಂದೆ ಬೇಕಾಗುತ್ತದೆ.

ಫ್ಯಾಕ್ಟರಿ ಬಿಟ್ಟರೂ ಇನ್‌ಸ್ಪೆಕ್ಷನ್ ಬಿಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ತಟ್ಟೆಗೆ ಬಂದ ಇಡ್ಲಿಯನ್ನು ಮಾವ ತಕ್ಷಣ ತಿನ್ನುವುದಿಲ್ಲ. ಮೊದಲು ಹೆಬ್ಬೆರಳಿನಲ್ಲಿ ಒತ್ತುತ್ತಾರೆ. ಒತ್ತಿದ ಗುಳಿ ಮೇಲೆದ್ದು ಬರುತ್ತದೋ ನೋಡುತ್ತಾರೆ. ಆಮೇಲೆ ಎರಡಾಗಿ ಮುರಿದು ಒಳಗಿನ ರಂಧ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕೊನೆಗೆ ತಟ್ಟೆಯ ಅಂಚಿಗೆ ಉಗುರಿನಿಂದ ಕುಟ್ಟುತ್ತಾರೆ, ರೈಲಿನ ಗಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡುವವರ ಹಾಗೆ. ಒಂದು ಸಲ ಕುಟ್ಟಿದರೆ ಪಾಸು, ಎರಡು ಸಲ ಕುಟ್ಟಿದರೆ ಫೇಲು. ಅತ್ತೆ ಅಡುಗೆಮನೆಯಿಂದಲೇ ಎಣಿಸಿಕೊಳ್ಳುತ್ತಾರೆ.

ಇಂಥ ಮಾವಂದಿರು ನಿಮ್ಮ ಮನೆಯಲ್ಲೂ ಇದ್ದಾರು. ಎಲ್ಲವೂ ಮನೆಯಲ್ಲೇ ಆಗಬೇಕು ಎನ್ನುವ ಇವರಿಗೆ ಆ ಮನೆಯ ಬೆಂಕಿಪೊಟ್ಟಣ ಎಲ್ಲಿರುತ್ತದೆ ಎಂದು ಗೊತ್ತಿರುವುದಿಲ್ಲ. ನಮ್ಮ ಮಾವನಿಗೆ ಇಡ್ಲಿಯ ಅಕ್ಕಿ ಉದ್ದಿನ ಲೆಕ್ಕ ಬಾಯಿಪಾಠ: ನಾಲ್ಕಕ್ಕೆ ಒಂದು. ಉದ್ದು ಹದವಾಗಿ ರುಬ್ಬಿದ್ದರೆ ನೀರಿಗೆ ಬಿಟ್ಟ ತೊಟ್ಟು ತೇಲಬೇಕು ಎನ್ನುವುದೂ ಗೊತ್ತು. ಬೆಂಗಳೂರಿನ ಡಿಸೆಂಬರಿನಲ್ಲಿ ಕಂಬಳಿ ಹೊದಿಸಿದರೂ ಮಿಸುಕದ ಹಿಟ್ಟು ಮದರಾಸಿನ ಮೇ ತಿಂಗಳಲ್ಲಿ ಪಾತ್ರೆ ದಾಟಿ ಹಾಲ್‌ಗೆ ನಡೆದು ಬರುತ್ತದೆ ಎಂಬ ಅನುಭವಜ್ಞಾನವೂ ಉಂಟು. ಗೊತ್ತಿಲ್ಲದ್ದು ಗ್ರೈಂಡರಿನ ಸ್ವಿಚ್ಚು ಯಾವುದು ಎಂಬುದೊಂದೇ.

ಆ ಗ್ರೈಂಡರಿಗೂ ಒಂದು ಚರಿತ್ರೆ ಇದೆ. ಕೊಯಮತ್ತೂರಿನದು, ಎತ್ತಲು ಇಬ್ಬರು ಬೇಕು. ಮಾವನ ಪ್ರಕಾರ ಮನುಷ್ಯಕುಲಕ್ಕೆ ಅದು ಕೊನೆಯ ಶುದ್ಧ ಯಂತ್ರ. ಆದರೆ ಅದು ಮನೆಗೆ ಬಂದಾಗ ಮಾವನ ತಾಯಿ ಮೂರು ದಿನ ಇಡ್ಲಿ ಮುಟ್ಟಲಿಲ್ಲವಂತೆ. ಗುಂಡುಕಲ್ಲಿನಲ್ಲಿ ಕೈಯಿಂದ ತಿರುವಿದರೇ ರುಚಿ, ಮಿಷನ್ನಿನ ಬಿಸಿಗೆ ಉದ್ದು ಸತ್ತುಹೋಗುತ್ತೆ ಎಂದರಂತೆ. ಬದುಕಿರುವವರೆಗೂ ಆ ಅಜ್ಜಿ ಅದನ್ನು ‘ಮಿಷನ್ ಇಡ್ಲಿ’ ಎಂದೇ ಕರೆದರು. ಅತ್ತೆ ಈ ಕಥೆಯನ್ನು ಮಾವ ಎದುರಿಗಿದ್ದಾಗಲೇ ಹೇಳುವುದು.

ಬಿಸಿಬೇಳೆಬಾತಿನ ಪುಡಿ ಮಾಡುವ ದಿನವನ್ನು ಮಾತ್ರ ನೀವು ಕಣ್ಣಾರೆ ನೋಡಬೇಕು. ಆರು ತಿಂಗಳಿಗೊಮ್ಮೆ ಬರುವ ಹಬ್ಬ ಅದು. ಒಂದು ವಾರ ಮುಂಚೆ ಮಾವ ಚೀಲ ಹಿಡಿದು ಸೌಕಾರ್‌ಪೇಟೆಗೆ ಹೊರಡುತ್ತಾರೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಅಂಗಡಿಯವನು ಬೇರೆ ಯಾವುದೋ ಸುಕ್ಕು ಮೆಣಸಿನಕಾಯಿ ತೋರಿಸಿ ಬ್ಯಾಡಗಿ ಎಂದರೆ, ಬ್ಯಾಡಗಿಗೆ 2011ರಲ್ಲೇ ಭೌಗೋಳಿಕ ಸೂಚಿ ಸಿಕ್ಕಿದೆ, ಹುಷಾರ್ ಎಂದು ಗದರಿಸಿ ಬರುತ್ತಾರೆ. ತಂದದ್ದನ್ನು ತಾರಸಿಯ ಮೇಲೆ ಹರಡಿ ಒಣಗಿಸುವುದು ಅತ್ತೆ. ಕಾಗೆ ಓಡಿಸುವುದು ಮೇಲಿನ ಮನೆಯವಳಾದ ನಾನು. ಆಮೇಲೆ ಹುರಿಯುವ ದಿನ. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಎಲ್ಲವನ್ನೂ ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಟ್ಟಿಗೆ ಸುರಿದು ಹುರಿದರೆ ಮೆಂತ್ಯ ಸೀಯುತ್ತದೆ, ಬೇಳೆ ಹಸಿ ಉಳಿಯುತ್ತದೆ. ಇದರಲ್ಲಿ ಮಾವ ಹೇಳುವುದು ನೂರಕ್ಕೆ ನೂರು ಸರಿ, ನಾನೇ ಕೆಡಿಸಿ ಕಲಿತಿದ್ದೇನೆ. ಮೆಣಸಿನಕಾಯಿಯ ಸರದಿ ಬಂದಾಗ ಅತ್ತೆ ಸೆರಗು ಮೂಗಿಗೆ ಕಟ್ಟಿಕೊಂಡು ಕೆಮ್ಮುತ್ತಾ ಕೈಯಾಡಿಸುತ್ತಾರೆ. ಮಾವ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂತು, “ಇನ್ನೊಂದು ನಿಮಿಷ ಬಿಡು, ಘಮ ಇನ್ನೂ ಇಲ್ಲೀವರೆಗೆ ಬಂದಿಲ್ಲ” ಎಂದು ನಿರ್ದೇಶನ ಕೊಡುತ್ತಾರೆ.

ಹುರಿದದ್ದು ಮಿಲ್ಲಿಗೆ ಹೋಗಬೇಕು. ಅಲ್ಲಿ ಮಾವನೇ ಖುದ್ದಾಗಿ ನಿಲ್ಲುತ್ತಾರೆ. ನಮಗಿಂತ ಮುಂಚೆ ಆ ಮಿಷನ್ನಿನಲ್ಲಿ ಏನು ಬೀಸಿದರು ಎನ್ನುವುದೇ ಪ್ರಶ್ನೆ. ಗೋಧಿ ಬೀಸಿದ್ದರೆ ಬೇಡ, ಅರಿಶಿನ ಬೀಸಿದ್ದರೆ ಬೇಡವೇ ಬೇಡ. ಯಾರಾದರೂ ಕೊತ್ತಂಬರಿ ಬೀಜ ತರುವವರೆಗೂ ಬೆಂಚಿನ ಮೇಲೆ ಕೂತಿರುತ್ತಾರೆ. ಒಮ್ಮೆ ಹೀಗೆ ಕೂತು ಕೂತು ಸಂಜೆಯಾಗಿ, ಮಿಲ್ಲಿನವನು ಶಟರ್ ಎಳೆದು, ಹುರಿದ ಸಾಮಾನೆಲ್ಲ ಹಾಗೇ ಮನೆಗೆ ವಾಪಸು ಬಂತು. ಆ ರಾತ್ರಿ ಅತ್ತೆ ಮಿಕ್ಸಿಯಲ್ಲಿ ತಿರುವಿ ಡಬ್ಬಿ ತುಂಬಿದರು. ಮರುದಿನ ಬಿಸಿಬೇಳೆಬಾತಿಗೆ ಉಗುರು ಒಂದೇ ಸಲ ಕುಟ್ಟಿತು. “ನೋಡು, ಮಿಲ್ಲಿಂದ್ರಲ್ಲಿ ಬರೋ ತರಿ ಮಿಕ್ಸೀಲಿ ಬರಲ್ಲ” ಎಂದರು ಮಾವ. ಅತ್ತೆ ತುಪ್ಪ ಬಡಿಸಿದರು.

ಹಾಗಂತ ಮಾವ ಪ್ಯಾಕೆಟ್ಟುಗಳಿಗೆ ಪೂರ್ತಿ ವಿರೋಧಿ ಎಂದುಕೊಳ್ಳಬೇಡಿ. ಅವರ ಕಾಯಿದೆಗೆ ವಿನಾಯಿತಿಗಳಿವೆ. ಕಾಫಿಪುಡಿ ಅಂಗಡಿಯದು, ಆದರೆ ಡಿಕಾಕ್ಷನ್ ಇಳಿಸುವುದು ನಾವು, ಆದ್ದರಿಂದ ಮನೆಯದು. ಹಪ್ಪಳ ಕೊಂಡದ್ದು, ಆದರೆ ಕರಿಯುವುದು ನಾವು. ಶಾವಿಗೆಗೂ ಅದೇ ನ್ಯಾಯ. ದೀಪಾವಳಿಯ ಗುಲಾಬ್ ಜಾಮೂನು ಮಿಕ್ಸು ಎಂಟಿಆರ್‌ದು, ಮತ್ತು ಎಂಟಿಆರ್ ಎಂಬುದು ಪ್ಯಾಕೆಟ್ಟೇ ಅಲ್ಲ, ಊರು. 1924ರಲ್ಲಿ ಶುರುವಾದ ಹೋಟೆಲು ಅದು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ಕಡಿಮೆ ದರ ಕಟ್ಟಿದಾಗ ನಷ್ಟ ತಾಳಲಾರದೆ ಬಾಗಿಲು ಮುಚ್ಚಿ, ಕೆಲಸದವರನ್ನು ಕೈಬಿಡಬಾರದೆಂದು ಪುಡಿ, ಮಿಕ್ಸು ಮಾಡಿ ಮಾರಲು ಹೊರಟಿತು ಎನ್ನುವ ಕಥೆಯನ್ನು ಮಾವ ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. 2007ರಲ್ಲಿ ಎಂಟಿಆರ್ ಫುಡ್ಸನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಾಗ, “ಮೀನು ತಿನ್ನೋರಿಗೆ ಸಾರಿನಪುಡಿ ಏನು ಅರ್ಥವಾಗುತ್ತೆ” ಎಂದು ಒಂದು ಹೊತ್ತು ಊಟ ಬಿಟ್ಟಿದ್ದರಂತೆ. ರಾತ್ರಿ ಹಸಿವಾಗಿ ಅದೇ ಎಂಟಿಆರ್ ರವಾ ಇಡ್ಲಿ ಮಿಕ್ಸಿನಲ್ಲಿ ಮಾಡಿದ್ದನ್ನು ತಿಂದರು ಎಂದು ಅತ್ತೆ ಸೇರಿಸುತ್ತಾರೆ.

ಅಂದರೆ ನಿಷೇಧ ಉಳಿದದ್ದು ರುಬ್ಬಿದ ಹಿಟ್ಟಿಗೆ ಮಾತ್ರ. ಇಡ್ಲಿ ದೋಸೆ ಹಿಟ್ಟಿನ ಜಿಎಸ್‌ಟಿಯನ್ನು 2017ರಲ್ಲಿ ಶೇಕಡಾ 5ಕ್ಕೆ ಇಳಿಸಿದ ಸುದ್ದಿಯನ್ನು ನಾನು ಓದಿ ಹೇಳಿದೆ.

“ಇಳಿಸಿದ್ರೇನು? ಮನೇಲಿ ರುಬ್ಬಿದ್ದಕ್ಕೆ ಟ್ಯಾಕ್ಸೇ ಇಲ್ಲ,” ಎಂದರು ಮಾವ.

“ಟ್ಯಾಕ್ಸೂ ಇಲ್ಲ, ಕೂಲೀನೂ ಇಲ್ಲ,” ಎಂದರು ಅತ್ತೆ ಒಳಗಿನಿಂದ.

ಬಿಸಿ ತಟ್ಟಿದ್ದು 2019ರಲ್ಲಿ. ಆ ಬೇಸಿಗೆ ಮದರಾಸಿನ ಕೆರೆಗಳೆಲ್ಲ ಬತ್ತಿ, ಬೀದಿ ಬೀದಿಗಳಲ್ಲಿ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ನಮ್ಮ ಬೋರು ಕೆಸರು ಕಾರಿ ನಿಂತಿತು. ಅಕ್ಕಿ ಉದ್ದು ಮೂರು ಸಲ ತೊಳೆದು, ರುಬ್ಬಿ, ಆ ಗ್ರೈಂಡರಿನ ಕಲ್ಲು ತೊಳೆಯುವ ಹೊತ್ತಿಗೆ ಎರಡು ಬಕೆಟ್ ನೀರು ಮುಗಿಯುತ್ತಿತ್ತು. ನೀರು ಬರುವವರೆಗೆ ಪ್ಯಾಕೆಟ್ ಹಿಟ್ಟು ತರುತ್ತೇನೆ ಎಂದು ಅತ್ತೆ ಹೇಳಿದರು. ಮಾವ, “ಸ್ನಾನ ಬೇಕಾದ್ರೆ ಬಿಡ್ತೀನಿ” ಎಂದರು. ಬಿಟ್ಟರು ಕೂಡ. ಆ ಒಂದು ವಾರದ ಬಗ್ಗೆ ಹೆಚ್ಚು ಬರೆಯುವುದು ಬೇಡ.

ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್ನುಗಳ ನೀರಿನ ರೈಲು ಐಸಿಎಫ್ ಪಕ್ಕದ ವಿಲ್ಲಿವಾಕ್ಕಂಗೆ ಬಂತು. 25 ಲಕ್ಷ ಲೀಟರ್, ಕಾವೇರಿ ನೀರು. ಮಾವ ಇಸ್ತ್ರಿ ಶರಟು ಹಾಕಿಕೊಂಡು ನೋಡಲು ಹೋಗಿ ಬಂದರು. ಕೊಡಗಿನಲ್ಲಿ ಹುಟ್ಟಿದವಳು ನಮ್ಮನ್ನು ನೋಡಲು ರೈಲು ಹತ್ತಿ ಬಂದಿದ್ದಾಳೆ, ಆಕೆಯ ಕೈಯಲ್ಲಿ ಒಂದು ಹಿಡಿ ಉದ್ದು ನೆನೆಸಿದರೆ ತಪ್ಪಿಲ್ಲ, ಇವತ್ತು ರುಬ್ಬಲೇಬೇಕು ಎಂದು ಭಾಷಣವೇ ಮಾಡಿದರು. ಅತ್ತೆ ಸೌಟು ಕೆಳಗಿಟ್ಟು ಹೊರಗೆ ಬಂದರು.

“ನೀವು ನಲವತ್ತು ವರ್ಷದ ಹತ್ತಿರ ರೈಲು ಡಬ್ಬಿ ಮಾಡಿದ್ರಿ ಅಲ್ವಾ?”

“ಮಾಡಿದೆ.”

“ಅದರ ಗಾಲಿ ಎಲ್ಲಿಂದ ಬರ್ತಿತ್ತು?”

ಮಾವ ಸ್ವಲ್ಪ ಹೊತ್ತು ತಡೆದು, “ಯಲಹಂಕದಿಂದ,” ಎಂದರು.

“ನೀವು ಎರಕ ಹೊಯ್ತಿರಲಿಲ್ವಾ?”

“ಅದಕ್ಕೇ ಬೇರೆ ಫ್ಯಾಕ್ಟರಿ ಇದೆ ಕಣೇ.”

“ಮೈ ಶೆಲ್ಲಿನವರು ಮಾಡಿದ್ದು, ಗಾಲಿ ಯಲಹಂಕದ್ದು, ಫ್ಯಾನು ಇನ್ಯಾರದ್ದೋ. ನೀವು ಕೂಡಿಸಿ, ತಟ್ಟಿ ನೋಡಿ ಕಳಿಸ್ತಿದ್ರಿ. ಅದು ಐಸಿಎಫ್ ಡಬ್ಬಿ. ನಾನು ಹಿಟ್ಟು ಕೊಂಡು ತಂದು, ತಟ್ಟೆಗೆ ಎಣ್ಣೆ ಸವರಿ, ಹಬೆಯಲ್ಲಿ ಬೇಯಿಸಿದ್ರೆ ಅದು ಯಾಕ್ರೀ ನಮ್ಮನೆ ಇಡ್ಲಿ ಅಲ್ಲ?”

ಮಾವನಿಗೆ ಸಿಗ್ನಲ್ ಬಿದ್ದ ಹಾಗಾಯಿತು. ಎದ್ದು ಹೋಗಿ ಟೀವಿ ಹಾಕಿದರು. ಆದರೆ ಸೋತೆ ಎನ್ನಲಿಲ್ಲ, ಹಿಟ್ಟೂ ಬರಲಿಲ್ಲ. ಆ ತಿಂಗಳು ಪೂರ್ತಿ ಉಪ್ಪಿಟ್ಟು.

ಬಂದದ್ದು ಮೂರು ವರ್ಷದ ಮೇಲೆ, ಬೇರೆ ದಾರಿಯಿಂದ. ಮಗಳ ಬಾಣಂತನಕ್ಕೆ ಅತ್ತೆ ಮೂರು ತಿಂಗಳು ವೈಟ್‌ಫೀಲ್ಡಿಗೆ ಹೋದರು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಎಂದು ಎಲ್ಲ ಡಬ್ಬಿಗೂ ಚೀಟಿ ಅಂಟಿಸಿಟ್ಟು ಹೋದರು. ಮೊದಲನೇ ದಿನ ಮಾವ ಗ್ರೈಂಡರ್ ಸ್ವಿಚ್ ಹುಡುಕಿ ಒತ್ತಿದಾಗ ಮನೆಯ ಫ್ಯೂಸ್ ಹೋಯಿತು. ಎರಡನೇ ದಿನ ನಾನು ಸಾರು ಕೊಟ್ಟೆ. ಮೂರನೇ ದಿನ ಬೆಳಿಗ್ಗೆ ಆರೂಕಾಲಿಗೆ ಹಾಲು ತರಲು ಹೋದವಳು, ಆ ರಟ್ಟಿನ ಬೋರ್ಡಿನ ಅಂಗಡಿಯ ಮುಂದೆ ಮಂಕಿ ಕ್ಯಾಪ್ ಹಾಕಿಕೊಂಡ ಒಂದು ಬೆನ್ನನ್ನು ಕಂಡೆ. ಮದರಾಸಿನಲ್ಲಿ ಮಂಕಿ ಕ್ಯಾಪ್! ಕೈಯಲ್ಲಿ ಬಿಳೀ ಪ್ಯಾಕೆಟ್ಟು.

“ಏನ್ ಮಾವ ಅದು?”

ಬೆನ್ನು ನಿಧಾನವಾಗಿ ತಿರುಗಿತು. “ಸ್ಯಾಂಪಲ್,” ಎಂದರು ಮಾವ. “ಸುಮ್ಮನೆ ದೂರಬಾರದು ನೋಡು. ಪರೀಕ್ಷೆ ಮಾಡಿ ದೂರಬೇಕು.”

ಪರೀಕ್ಷೆ ಎಂದ ಮೇಲೆ ಒಂದೇ ಸ್ಯಾಂಪಲ್ಲಿನಿಂದ ತೀರ್ಮಾನಕ್ಕೆ ಬರಲಾಗುತ್ತದೆಯೇ? ಎಂಬತ್ತೇಳು ದಿನ, ದಿನಕ್ಕೆ ಅರ್ಧ ಕಿಲೋ. ಬೆಳಿಗ್ಗೆ ಇಡ್ಲಿ, ರಾತ್ರಿ ದೋಸೆ, ಭಾನುವಾರ ಈರುಳ್ಳಿ ಹಾಕಿದ ಊತಪ್ಪ. ಅಂಗಡಿಯವನು ಇವರನ್ನು ಕಂಡ ಕೂಡಲೇ ಕೇಳದೆಯೇ ಪ್ಯಾಕೆಟ್ಟು ತೆಗೆದಿಡುತ್ತಿದ್ದ. ನನಗೂ ಒಂದು ದಿನ ದೋಸೆ ಕೊಟ್ಟರು. ಸತ್ಯ ಹೇಳಬೇಕೆಂದರೆ ಅಂಚು ಗರಿಗರಿಯಾಗಿ, ನಡುವೆ ಮೆತ್ತಗೆ, ಸೊಗಸಾಗಿಯೇ ಇತ್ತು. ನಾನು ತಟ್ಟೆಗೆ ಒಂದು ಸಲ ಉಗುರಿನಿಂದ ಕುಟ್ಟಿದೆ. ಮಾವನ ಮುಖ ಅರಳಿದ್ದನ್ನು ಅವತ್ತೇ ಮೊದಲು ನೋಡಿದ್ದು. ಮದುವೆಯಾದಾಗಿನಿಂದ ಅತ್ತೆ ಕಾಯುತ್ತಿದ್ದದ್ದು ಈ ಒಂದು ಸದ್ದಿಗೇ ಎಂಬುದು ಅವರಿಗೆ ಹೊಳೆಯಿತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ಅತ್ತೆ ವಾಪಸು ಬಂದ ದಿನವೇ ಫ್ರಿಜ್ಜಿನಲ್ಲಿ ಪ್ಯಾಕೆಟ್ಟು ನೋಡಿದರು. ಏನೂ ಕೇಳಲಿಲ್ಲ. ಮಾವನೇ ವರದಿ ಒಪ್ಪಿಸಿದರು: “ಷರತ್ತಿನ ಮೇಲೆ ಪಾಸು.” ಷರತ್ತೇನೆಂದರೆ, ತಂದ ಹಿಟ್ಟನ್ನು ಪ್ಯಾಕೆಟ್ಟಿನಿಂದ ನಮ್ಮ ಸ್ಟೀಲ್ ಪಾತ್ರೆಗೆ ಸುರಿಯಬೇಕು, ಸುರಿದ ಮೇಲೆ ಮಾವ ಕೈ ತೊಳೆದು ಬಂದು, ಮೂರು ಬೆರಳಲ್ಲಿ ಕಲ್ಲುಪ್ಪು ಹಿಡಿದು ಹಾಕಿ, ಕೈಯಿಂದಲೇ ಕಲಸಬೇಕು. ಉಪ್ಪು ಬಿದ್ದ ಕ್ಷಣದಿಂದ ಅದು ಮನೆ ಹಿಟ್ಟು. ಗ್ರೈಂಡರಿನ ಮೇಲೆ ಈಗ ಇಸ್ತ್ರಿ ಮಾಡಿದ ಬಟ್ಟೆ ಇಡುತ್ತಾರೆ. ನಾನು ಪ್ಯಾಕೆಟ್ಟು ಹಿಡಿದು ಮೆಟ್ಟಿಲು ಹತ್ತುವಾಗ, “ಉಪ್ಪು ಹಾಕಿ ಕಲಸಿದೆಯೇನಮ್ಮಾ? ಇಲ್ಲದಿದ್ರೆ ಅದು ಸುಣ್ಣವೇ” ಎಂದು ಕೂಗಿ ಹೇಳುತ್ತಾರೆ.

ಆ ಅಂಗಡಿಯ ಹಿಟ್ಟಿಗೆ ಉಪ್ಪು ಮೊದಲೇ ಹಾಕಿರುತ್ತದೆ. ಅದಕ್ಕೇ ಅತ್ತೆ ಚಟ್ನಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದ್ದಾರೆ.