ರಸೀದಿರಾಯರು

ಹುಚ್ಚೂರಾಯಸ್ವಾಮಿಯೆಂಬ ಹೆಸರಿನಿಂದ ಸಾಕ್ಷಾತ್ ಆಂಜನೇಯನೇ ನೆಲೆಸಿರುವ ಶಿಕಾರಿಪುರದಲ್ಲಿ ದೇಹಬಲವನ್ನು ವಾರ್ಷಿಕ ಶುಲ್ಕ ತೆತ್ತು ಸಂಪಾದಿಸಬೇಕಾದ ಕಾಲ ಬಂದೀತೆಂದು ಹಿಂದಿನವರು ಊಹಿಸಿರಲಾರರು. ಗರಡಿಮನೆಯಲ್ಲಿದ್ದುದು ಮಣ್ಣು, ಗದೆ ಮತ್ತು ಉಸ್ತಾದರ ಬೈಗುಳ. ಇವುಗಳಲ್ಲಿ ಯಾವುದನ್ನೂ ಕಡಿಮೆ ಮಾಡಲು ಆಸ್ಪದವಿರಲಿಲ್ಲ, ಬೈಗುಳವನ್ನಂತೂ ಕೇಳಿಕೊಂಡರೂ ಕಡಿಮೆ ಮಾಡುತ್ತಿರಲಿಲ್ಲ. ಈಗ ಜಿಮ್ಮುಗಳು ಬಂದಿವೆ, ಅವುಗಳ ಬೆನ್ನಿಗೇ ರಸೀದಿರಾಯರೂ ಬಂದಿದ್ದಾರೆ.

ಆ ಹೆಸರಿನವರು ಯಾರೂ ಇಲ್ಲ. ಆ ಜಾತಿಯವರು ಮಾತ್ರ ಶಿಕಾರಿಪುರ ಸೊರಬಗಳೆರಡರಲ್ಲಿಯೂ ಧಾರಾಳವಾಗಿದ್ದಾರೆ. ಅಡಿಕೆ ಮಾರಿ ಕೈಯಲ್ಲಿ ಕಾಸಾಡುವ ವೇಳೆಯಲ್ಲಿ, ವೈದ್ಯರ ಒಂದು ಮಾತಿಗೂ ಮಡದಿಯ ಹಲವು ಮಾತಿಗೂ ಬೆದರಿ, ವರ್ಷದ ಹಣವನ್ನು ಒಮ್ಮೆಗೇ ಕಟ್ಟಿ, ರಸೀದಿಗೆ ಲ್ಯಾಮಿನೇಷನ್ ಮಾಡಿಸಿ, ಮರುದಿನದಿಂದ ತಪ್ಪದೆ ಹಾಜರಾಗುವ ರಾಯರು ಅಲ್ಲಿ ಎತ್ತುವುದು ಆಕ್ಷೇಪವೊಂದನ್ನೇ. ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಟ್ರೆಡ್‌ಮಿಲ್ಲು ಕೆಟ್ಟು ಅದರ ಮೇಲೆ ಟವೆಲ್ಲುಗಳು ಒಣಗತೊಡಗಿದವು. ಸ್ಟೀಮ್ ಬಾತಿನ ಕೋಣೆಗೆ ಮಾಲೀಕನ ಅಡಿಕೆಚೀಲಗಳು ಸೇರಿದವು. ಎರಡು ಹೊತ್ತೂ ಬರುತ್ತಿದ್ದ ಟ್ರೇನರು ಸಂಜೆಗೆ ಮಾತ್ರ ದರ್ಶನವೀಯತೊಡಗಿದನು. ಇವುಗಳಲ್ಲಿ ಯಾವುದನ್ನೂ ರಾಯರು ಒಮ್ಮೆಯಾದರೂ ಬಳಸಿದವರಲ್ಲ. ಆದರೂ ಪ್ರತಿಯೊಂದರ ಅವಸಾನದ ತಿಥಿವಾರಗಳು ಅವರ ದಿನಚರಿಯಲ್ಲಿ ದಾಖಲಾಗಿವೆ.

“ಫೀಸು ವಾಪಸ್ಸಿಲ್ಲ ಅಂತ ಬೋರ್ಡಿನಾಗೇ ಬರ್ದೈತಲ್ಲ ರಾಯರೇ” ಎಂದನು ಮಾಲೀಕ.

“ಬೋರ್ಡು ಬರೆಸಿದವನು ನೀನಪ್ಪಾ, ಕಾಯಿದೆ ಬರೆದದ್ದು ಪಾರ್ಲಿಮೆಂಟು.”

ಆ ಬಳಿಕ ನಡೆದುದು ಪುರಾಣಪ್ರವಚನವೇ ಸರಿ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಒಪ್ಪಂದದಲ್ಲಿ ಒದಗಿಸುತ್ತೇನೆಂದು ಒಪ್ಪಿಕೊಂಡ ಸೇವೆಯಲ್ಲಿ ಕೊರತೆಯಾದರೆ ಅದು ನ್ಯೂನತೆ. ಹಣವನ್ನು ಮರಳಿಸುವಂತೆಯೂ ಪರಿಹಾರ ನೀಡುವಂತೆಯೂ ಆಜ್ಞಾಪಿಸುವ ಅಧಿಕಾರ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕುಂಟು. ಬೆಂಗಳೂರಿನ ಜಿಮ್ಮಿಗೆ ಹಣ ಕಟ್ಟಿ ಕೊರಗುತ್ತಿದ್ದ ಸೊರಬದ ಭಾವನವರಿಗೂ ರಾಯರೇ ಧೈರ್ಯ ತುಂಬಿದರು: ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ, ಆದರೆ 2 ವರ್ಷ ಕಳೆಯಗೊಡಬಾರದು. ಮೊದಲು 1915ಕ್ಕೆ ಫೋನು ಮಾಡಿ ನೋಡುವುದಕ್ಕಂತೂ ಖರ್ಚೇ ಇಲ್ಲ.

ಬೆವರನ್ನೇ ಹರಿಸದವನಿಗೆ ನಷ್ಟವೆಲ್ಲಿಯದೆಂದು ಊರು ನಗುತ್ತದೆ. ನಗುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೂ ಹಣ ಕೊಟ್ಟು ಸೇವೆ ಪಡೆಯುವವನನ್ನು ಕಾಯಿದೆ ಗ್ರಾಹಕನೆನ್ನುತ್ತದೆಯೇ ಹೊರತು ಅದರಲ್ಲಿ ಬೆವರಿನ ಪ್ರಸ್ತಾಪ ಎಲ್ಲಿಯೂ ಬಾರದು. ರಾಯರ ಹೊಟ್ಟೆ ಕರಗಿಲ್ಲ, ಪಕ್ಷ ಮಾತ್ರ ನ್ಯಾಯವಾದದ್ದು. ಸಮಾನ ನಷ್ಟವಾದವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರಬಹುದೆಂಬುದನ್ನು ಓದಿ, ಅವರು ಜಿಮ್ಮಿನ ಕಟ್ಟುಮಸ್ತಾದ ತರುಣರನ್ನೆಲ್ಲ ಸಹಿಗಾಗಿ ಕೂಡಿಸಿದರು. ನೂರು ಕಿಲೋ ಎತ್ತಬಲ್ಲ ಆ ಭೀಮಸೇನರಲ್ಲಿ ಒಬ್ಬನಾದರೂ ಹಣ ಕಟ್ಟಿದುದಕ್ಕೆ ರಸೀದಿ ಕೇಳಿ ಪಡೆದಿರಲಿಲ್ಲ.